ಎರಡನೇ ದಿನದ ರಕ್ತ

ಊಟದ ಮೇಜಿನ ಮೇಲೆ ಯಂತ್ರ ತಿರುಗುತ್ತಿತ್ತು. ಅಕ್ಕನ ರಕ್ತದ ಕೊಳವೆಗಳು ಅದರೊಳಗೆ ಗಿರಗಿರನೆ ಸುತ್ತುತ್ತಿದ್ದವು. ಅದರ ಮುಂದೆ ಕೈಗವಸು ಹಾಕಿಕೊಂಡು ಕೂತಿದ್ದ ಜಿನಶ್ರೀಗೆ ಬಂದ ಯೋಚನೆ ಮಾತ್ರ ತೀರಾ ಕೀಳಾದದ್ದು: ಇದರಲ್ಲಿ ಏನೂ ಸಿಗದೇ ಹೋದರೆ? ಅಕ್ಕನ ಗತಿಯೇನು ಎಂದಲ್ಲ, ಸಿಗದೇ ಹೋದರೆ ಇಷ್ಟು ವರ್ಷ ತಾನು ಒಳಗೊಳಗೇ ಅಂದುಕೊಂಡದ್ದೇ ನಿಜವಾಗಿಬಿಡುತ್ತದಲ್ಲ ಎಂದು. ಹಾಳು ಮನಸ್ಸು, ಬೆಳಬೆಳಗ್ಗೆ ಎದ್ದು ಹೀಗೆ ಕೂರುತ್ತದೆ. ಪಕ್ಕದ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ ಮಾಡಿಕೊಂಡ ಕತ್ತಲೆಯಲ್ಲಿ ಅಕ್ಕ ವಿಮಲ ಮಲಗಿದ್ದಳು. ಸೂಜಿ ಚುಚ್ಚುವಾಗ ಕಣ್ಣು ತೆರೆದಿರಲಿಲ್ಲ. "ಇದು ಎರಡನೇದು ತಾನೇ?" ಎಂದು ಮಾತ್ರ ಕೇಳಿದ್ದಳು. ಹೌದು ಅಂದಾಗ ಅವಳ ಮುಖದಲ್ಲಿ ಕಂಡದ್ದು ಸಂತೋಷವೇ. ಪರೀಕ್ಷೆ ಬರೆದು ಮುಗಿಸಿದ ಹುಡುಗಿಯ ಮುಖದಲ್ಲಿ ಇರುತ್ತದಲ್ಲ, ಆ ಥರದ್ದು. ಅದನ್ನು ನೋಡಲಾರದೆ ಜಿನಶ್ರೀ ಹತ್ತಿಯನ್ನು ಒತ್ತಿ ಹಿಡಿದು ಬೇರೆ ಕಡೆ ನೋಡಿದ್ದಳು.

ಅವಳು ಕೆಲಸಕ್ಕಿದ್ದ ಸಂಶೋಧನಾ ಸಂಸ್ಥೆ ಘಾಟಿಯ ಕೆಳಗಿತ್ತು. ಅವರು ಹುಡುಕುತ್ತಿದ್ದುದು ದಣಿವಿನ ಕಾರಣವನ್ನು. ಗದ್ದೆ ನಾಟಿ ಮುಗಿಸಿ ಬಂದವರ ದಣಿವಲ್ಲ. ನಿದ್ದೆ ಮಾಡಿದರೂ ಹೋಗದ್ದು, ತಲೆ ಬಾಚಿಕೊಂಡರೆ ಹೆಚ್ಚಾಗುವಂಥದ್ದು, ಒಂದು ದಿನ ಎದ್ದು ಓಡಾಡಿದರೆ ಮರುದಿನ ಕೀಲುಕೀಲಿನಲ್ಲೂ ನೋವು ತುಂಬಿ ಹಾಸಿಗೆಗೆ ಕೆಡವುವಂಥದ್ದು. ಯಾವ ಲ್ಯಾಬಿಗೆ ಹೋದರೂ ಇಂಥವರ ಕಾಗದದ ಮೇಲೆ ಬರುವುದು ನಾರ್ಮಲ್ ಎಂಬ ಒಂದೇ ಮಾತು. ಸುಮ್ಮನೆ ಕೂತಿರುವಾಗ ತೆಗೆದ ರಕ್ತ ಏನನ್ನೂ ಹೇಳುವುದಿಲ್ಲ ಎನ್ನುವುದು ಸಂಸ್ಥೆಯ ಮುಖ್ಯಸ್ಥೆ ರೇಷ್ಮ ಮೇಡಂ ಅವರ ತರ್ಕ. ಒಮ್ಮೆ ತೆಗೆಯಬೇಕು, ಆಮೇಲೆ ಅವರನ್ನು ದಣಿಸಬೇಕು, ಮರುದಿನ ಮತ್ತೆ ತೆಗೆಯಬೇಕು. ಆರೋಗ್ಯವಂತರ ಮೈ ರಾತ್ರಿ ಕಳೆಯುವುದರೊಳಗೆ ತನ್ನನ್ನು ತಾನೇ ಸರಿಮಾಡಿಕೊಂಡಿರುತ್ತದೆ, ಇವರದ್ದು ಮಾಡಿಕೊಂಡಿರುವುದಿಲ್ಲ. ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬ ಸುಳಿವು ಇದ್ದರೆ ಎರಡನೇ ದಿನದ ರಕ್ತದಲ್ಲಿ ಇರಬೇಕು. ಮೇಡಂ ಇದನ್ನು ಹೇಳುವಾಗ ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು! ದಣಿಸಬೇಕು ಅನ್ನುವ ಮಾತು ಸಲೀಸಾಗಿ ದಾಟಿಹೋಗಿತ್ತು.

ನಿನ್ನೆ ದಣಿಸಿದ್ದು ಅವಳೇ. ಜಗಲಿಯ ಮೆಟ್ಟಿಲ ಪಕ್ಕ ಹೊತ್ತು ಅಳೆಯಲು ಫೋನು ಹಿಡಿದು ನಿಂತು "ಇನ್ನೊಂದು ಅಕ್ಕ, ಇನ್ನೊಂದೇ ಒಂದು" ಎನ್ನುತ್ತಾ. ಅಂಗಳದ ತುಂಬ ಕಾಫಿ ಒಣಹಾಕಿದ್ದರು. ಅದರ ಆಚೆ ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ನಾಲ್ಕು ವರ್ಷದಿಂದ ಬಿಸಿಲಿಗೆ ಬಾರದ ವಿಮಲ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುವುದು, ಇಳಿಯುವುದು, ಹತ್ತುವುದು. "ಸಾಕು, ನಿಲ್ಲಿಸು" ಎಂದಾಗ ಕಂಬ ಹಿಡಿದುಕೊಂಡು ಏದುಸಿರಿನಲ್ಲಿ, "ನಿಜ ಹೇಳು. ರಕ್ತಕ್ಕೆ ಗೊತ್ತಾಗುವಷ್ಟು ಆಯ್ತಾ?" ಎಂದು ಕೇಳಿದಳು. ಆಯಿತು ಎಂದರೂ ಕೇಳಲಿಲ್ಲ, ಇನ್ನಷ್ಟು ಹತ್ತಿದಳು. ಆಗ ಜಿನಶ್ರೀ ತಡೆಯಬಹುದಿತ್ತು. ತಡೆಯಲಿಲ್ಲ, ಯಾಕೆಂದರೆ ಅವಳ ತಲೆಯೊಳಗೆ ಒಂದು ದನಿ, ನೋಡು, ಮನಸ್ಸು ಮಾಡಿದರೆ ಆಗುತ್ತಲ್ಲ ಇವಳಿಗೆ, ಎಂದು ಹೇಳುತ್ತಿತ್ತು. ಆ ದನಿ ಭಾವನದ್ದೋ ಬತ್ತೇರಿ ಪೇಟೆಯ ಡಾಕ್ಟರದ್ದೋ ತನ್ನದೇ ಸ್ವಂತದ್ದೋ ಈಗ ಗುರುತು ಸಿಗುವುದಿಲ್ಲ.

ಬತ್ತೇರಿಯ ಆ ಡಾಕ್ಟರು ಒಳ್ಳೆಯ ಮನುಷ್ಯನೇ. ಊರಿಗೆಲ್ಲ ಜ್ವರ ಬಂದು ಹೋದ ವರ್ಷ ವಿಮಲಳಿಗೂ ಬಂದಿತ್ತು. ಊರಿನವರೆಲ್ಲ ಎದ್ದರು, ಇವಳು ಏಳಲಿಲ್ಲ. ಕಾಗದಗಳನ್ನು ತಿರುವಿ ನೋಡಿ ಅವರು ಅವ್ವನನ್ನು ಮಲಯಾಳದಲ್ಲಿ, ನಗುನಗುತ್ತಲೇ ಕೇಳಿದ್ದರು: "ಅಮ್ಮೇ, ಚೆರುಪ್ಪಂ ಮುದಲ್ ಮಡಿಯಾಣೋ?" ಇವಳು ಚಿಕ್ಕಂದಿನಿಂದ ಸೋಮಾರಿಯೇ ಎಂದು; ಅವರ ಮಾತಿನಲ್ಲಿ ಮಡಿ ಎಂದರೆ ಸೋಮಾರಿತನ. ಅವ್ವನಿಗೆ ಮಲಯಾಳ ಬಾರದೇ ಇಲ್ಲ, ಸಂತೆಗೆ ಸಾಕಾಗುವಷ್ಟು ಬರುತ್ತದೆ. ಆದರೆ ಗಾಬರಿಯಲ್ಲಿ ಕಿವಿ ಮನೆಯ ಮಾತನ್ನೇ ಕೇಳಿಸಿಕೊಂಡಿತು. ಅವ್ವ ಅನಂತಮತಿಯ ಮನೆಯಲ್ಲಿ ಮಡಿ ಎಂದರೆ ಮಿಂದು ಒದ್ದೆ ಬಟ್ಟೆಯಲ್ಲಿ ದೇವರ ಒಲೆ ಹಚ್ಚುವುದು. ಅದು ಆ ಮನೆಯ ಹೆಮ್ಮೆ. "ಹೌದು ಸಾರ್, ಇವಳಿಗೆ ಹುಟ್ಟಿದಾಗಿಂದ್ಲೂ ಮಡಿ ಬಹಳ. ನಮ್ಮ ಮನೇಲಿ ಎಲ್ಲರಿಗೂ ಇದೆ" ಎಂದಿದ್ದಳು, ಎದೆಯುಬ್ಬಿಸಿ. ಡಾಕ್ಟರು ನಕ್ಕರು, ನರ್ಸು ನಕ್ಕಳು. ಅಲ್ಲಿದ್ದ ಭಾವ ಶಾಂತಿನಾಥ ನಗಲಿಲ್ಲ. ಆದರೆ ಮುಂದಿನ ತಿಂಗಳು ಹೆಂಡತಿಯನ್ನು ತಂದು ಇಲ್ಲಿ ಬಿಟ್ಟು ಹೋಗುವಾಗ, "ನಿಮ್ಮ ಅವ್ವನೇ ಒಪ್ಕೊಂಡಿದ್ದಾರಲ್ಲ" ಎಂದ. ಅವ್ವನಿಗೆ ತಾನು ಏನನ್ನು ಒಪ್ಪಿಕೊಂಡೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಹೇಳಿ ಏನು ಪ್ರಯೋಜನ, ಅವಳ ಹತ್ತಿರ ಬೇರೆಯೇ ಕಾರಣವಿತ್ತು. ವೀರ್ಯಾಂತರಾಯ ಕರ್ಮ, ಹಿಂದಿನ ಜನ್ಮದಲ್ಲಿ ಯಾರದೋ ಶಕ್ತಿಗೆ ಅಡ್ಡ ಬಂದವರಿಗೆ ಈ ಜನ್ಮದಲ್ಲಿ ಶಕ್ತಿಯೇ ಏಳುವುದಿಲ್ಲ ಎನ್ನುವಳು. ಕರಗಬೇಕು, ಕರಗುವ ತನಕ ಸಹಿಸಬೇಕು, ಅಷ್ಟೆ. ಒಮ್ಮೊಮ್ಮೆ ಜಿನಶ್ರೀಗೆ ಅವ್ವನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಸಂಸ್ಥೆಯಲ್ಲಿ ಅಷ್ಟೊಂದು ಯಂತ್ರಗಳಿದ್ದೂ ಅವಳಿಗಿದ್ದಂಥ ಒಂದು ಕಾರಣ ಹುಟ್ಟಿರಲಿಲ್ಲ.

ಯಂತ್ರ ನಿಂತಿತು. ಕೊಳವೆಯ ತಳದಲ್ಲಿ ಕೆಂಪು, ಮೇಲೆ ತಿಳಿಹಳದಿ ನೀರು. ಆ ನೀರನ್ನು ಪುಟ್ಟ ಪುಟ್ಟ ಸೀಸೆಗಳಿಗೆ ಎಳೆದು ಹಾಕುವುದು ಅವಳ ಕೈಗೆ ಅಭ್ಯಾಸವಾಗಿತ್ತು. ಇನ್ನು ಸಂಸ್ಥೆಯ ಡ್ರೈವರ್ ಷಿಬು ಜೀಪಿನಲ್ಲಿ ಐಸಿನ ಪೆಟ್ಟಿಗೆ ತರಬೇಕು, ಒಯ್ಯಬೇಕು. ಅಷ್ಟರಲ್ಲಿ ಅವನದೇ ಫೋನು ಬಂತು. ಷಿಬು ಗುಂಡ್ಲುಪೇಟೆಯ ಕಡೆ ಶುಂಠಿ ಹೊಲಗಳಲ್ಲಿ ದುಡಿದು ಕನ್ನಡ ಕಲಿತವನು, ಅಕ್ಕ ಎನ್ನಲು ಮಾತ್ರ ಚೇಚಿ ಎನ್ನುವನು. "ಚೇಚಿ, ಹರ್ತಾಲ್! ಎಲ್ಲಾ ಬಂದ್! ಬೆಳಿಗ್ಗೆ ಆನೆ ಒಬ್ಬನ್ನ ತುಳಿದು ಕೊಂದ್ಬುಟ್ಟಿದೆ, ಕಾಡಂಚಲ್ಲಿ. ರಸ್ತೆ ಕವಲೆಯಲ್ಲಿ ಮರ ಅಡ್ಡ ಹಾಕಿ ಕೂತವ್ರೆ. ಹೆಣ ಎತ್ತಕ್ಕೂ ಬಿಡ್ತಾ ಇಲ್ಲ, ಕಲೆಕ್ಟರ್ ಬರ್ಲಿ ಅಂತವ್ರೆ. ನಾನಿಲ್ಲೇ ಸಿಕ್ಕಾಕೊಂಡಿದೀನಿ." ಒಬ್ಬ ಮನುಷ್ಯ ಸತ್ತಿದ್ದ. ಜಿನಶ್ರೀಯ ಬಾಯಿಂದ ಬಂದದ್ದು, "ಅಯ್ಯೋ, ಸ್ಯಾಂಪಲ್ ಗತಿ ಏನು?" ಎಂದು. "ಗೊತ್ತಿಲ್ಲ ಚೇಚಿ" ಎಂದ ಷಿಬು.

ಸೀಸೆಗಳನ್ನು ಡಬ್ಬಿಗೆ ಹಾಕಿ, ಟೇಪು ಸುತ್ತಿ, ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಟ್ಟಳು. ಕೆಳಗೆ ನಾಳೆ ಉಪವಾಸ ಮುರಿಯುವ ಪಾರಣೆಗೆಂದು ಅವ್ವ ಹೆಪ್ಪು ಹಾಕಿದ್ದ ಮೊಸರಿತ್ತು. ಫಾಲ್ಗುಣದ ಅಷ್ಟಾಹ್ನಿಕ ಪರ್ವ, ಎಂಟು ದಿನದ ವ್ರತ. ಅವ್ವನಿಗೆ ಇವತ್ತು ನಿರಾಹಾರ. ಬಸದಿಯಿಂದ ಆಗತಾನೇ ಬಂದು ಕಾಲು ತೊಳೆಯುತ್ತಿದ್ದಳು. ಉಪವಾಸದ ದಿನ ಅವಳ ಜೊತೆ ಮಾತು ಬೆಳೆಸುವುದು ಯಾರಿಗೂ ಬೇಡ. ರಕ್ತ ಅಂದರೆ ಮುಗಿಯಿತು, ನಿನ್ನೆ ಮೇಜನ್ನು ತೊಳೆಸಿದ್ದೇ ಸಾಕಾಗಿತ್ತು.

"ಅವ್ವಾ, ಫ್ರಿಜ್ಜಲ್ಲಿ ಮೇಲುಗಡೆ ಒಂದು ಡಬ್ಬಿ ಇದೆ. ಮುಟ್ಟಬೇಡ."

"ಏನದು?"

"ಏನೋ ಒಂದು. ಮುಟ್ಟೋದಲ್ಲ ಅಂದ್ನಲ್ಲ, ಬಿಡು."

"ಸರಿ ಕಣೇ ಮಗಳೇ, ನಾನ್ಯಾಕೆ ಮುಟ್ಲಿ" ಎಂದು ಅವ್ವ ಜಪಮಾಲೆ ಹುಡುಕುತ್ತಾ ಒಳಗೆ ಹೋದಳು. ಜಿನಶ್ರೀ ಛತ್ರಿ ತೆಗೆದುಕೊಂಡು ಕವಲೆಗೆ ಹೊರಟಳು. ಫ್ರಿಜ್ಜಿನ ತಂಪು ಸಂಜೆಯ ತನಕ ಸಾಲದು. ಹರ್ತಾಲಿನಲ್ಲಿ ಹಾಲಿನ ಗಾಡಿ, ಆಸ್ಪತ್ರೆಯ ಗಾಡಿ ಬಿಡುತ್ತಾರೆ. ಇದು ಆಸ್ಪತ್ರೆಯದ್ದೇ ಅಲ್ಲವೇ? ಅಲ್ಲವೇ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ರಸ್ತೆಯಲ್ಲಿ ಒಂದು ಬಸ್ಸಿಲ್ಲ. ಕಾಫಿ ಗಿಡಗಳು ಹೂ ಬಿಟ್ಟು ಬೆಳ್ಳಗಾಗಿದ್ದವು, ಆ ವಾಸನೆಗೆ ಅವಳಿಗೆ ತಲೆನೋವು ಬಂತು. ಬಂದ ಕೂಡಲೇ ಒಳಗಿನ ಸಂಶಯ ತಲೆಯೆತ್ತಿತು. ನೋಡು, ನಿನಗೂ ಬರುತ್ತದೆ ತಲೆನೋವು, ನೀನು ನಡೆಯುತ್ತಿಲ್ಲವೇ? ಅಕ್ಕ ಹಾಸಿಗೆ ಹಿಡಿದ ಮೇಲೆ ಮನೆಯ ಕೆಲಸ, ಅವ್ವನ ಗೊಣಗಾಟ, ಎಲ್ಲ ಯಾರ ಹೆಗಲಿಗೆ ಬಿತ್ತು? ಅಕ್ಕನ ಕಾಯಿಲೆ ನಿಜವಾದರೆ ಈ ಸಿಟ್ಟು ಪಾಪ. ಸುಳ್ಳಾದರೆ ಸಿಟ್ಟಿಗೆ ಹಕ್ಕಿದೆ. ಯಾವುದೆಂದು ಯಾರಾದರೂ ಹೇಳಿಬಿಟ್ಟರೆ ಸಾಕಾಗಿತ್ತು. ಈ ಸಂಶೋಧನೆಯ ಕೆಲಸಕ್ಕೆ ಅರ್ಜಿ ಹಾಕಿದಾಗ ಅಕ್ಕ ಅತ್ತಿದ್ದಳು, "ನನಗೋಸ್ಕರ ಸೇರ್ತಿದ್ದೀಯಲ್ಲ" ಎಂದು. ಹೂಂ, ಅವಳಿಗೋಸ್ಕರವೇ. ಅವಳನ್ನು ಪ್ರೀತಿಸುವುದಕ್ಕೆ ಮೊದಲು ಒಂದು ಪುರಾವೆ ಇರಲಿ ಎಂದು ತಂಗಿಯೇ ಪ್ರಯೋಗಶಾಲೆಗೆ ಸೇರಿದ್ದಳು. ಥೂ.

ಕವಲೆಯಲ್ಲಿ ಗಂಡಸರು ಗುಂಪುಗುಂಪಾಗಿ ಕೂತಿದ್ದರು. ಅಡ್ಡ ಹಾಕಿದ ಮರದ ಮೇಲೆ ಕೂತಿದ್ದವನು ಮಣಿಕಂಠನ್, ಶಾಲೆಯಲ್ಲಿ ಅವಳ ತರಗತಿಯವನು. ಅವನ ಕಣ್ಣು ಕೆಂಪಾಗಿತ್ತು. ಸತ್ತವನು ಅವನಿಗೆ ಬೇಕಾದವನೇ ಇರಬೇಕು. ಮರದಾಚೆ ಷಿಬುವಿನ ಜೀಪು ನಿಂತಿತ್ತು. ಅವಳು ಮಲಯಾಳದಲ್ಲಿ ಕೇಳಿದಳು: ಆ ಜೀಪನ್ನು ನಮ್ಮ ಮನೆಯ ತನಕ ಬಿಡಬೇಕು, ರಕ್ತ ಒಯ್ಯುವುದಿದೆ. ರಕ್ತ ಎಂದ ಕೂಡಲೇ ಎಲ್ಲರೂ ಎದ್ದರು. ಯಾರಿಗೆ, ಏನಾಯಿತು, ಆನೆಯೇ? ಅಲ್ಲ, ಪರೀಕ್ಷೆಗೆ ಎಂದಳು. ಏನು ರೋಗ? ಆಗ ಅವಳಿಗೆ ಹೇಳುವ ಮಾತೇ ಸಿಗಲಿಲ್ಲ. ಸಂಸ್ಥೆಯಲ್ಲಿ ಅದಕ್ಕೆ ಇದ್ದ ಇಂಗ್ಲಿಷ್ ಹೆಸರು ಆ ಬಿಸಿಲಿನಲ್ಲಿ, ಆ ಸಾವಿನ ಎದುರಿನಲ್ಲಿ ಬಾಯಿಗೆ ಬರಲಿಲ್ಲ. "ಕ್ಷೀಣಂ" ಎಂದಳು. ಸುಸ್ತು.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಮಣಿಕಂಠನ್ ಅವಳನ್ನೇ ನೋಡಿದ. "ನಿನ್ನ ಚೇಚಿಗಾ?" ಎಂದ, ಮಲಯಾಳ ಬಿಟ್ಟು ಅವಳ ಮನೆಯ ಕನ್ನಡಕ್ಕೆ ಇಳಿದು. "ಇಲ್ಲೊಬ್ಬನ ಮೈಯೆಲ್ಲ ಜಜ್ಜಿ ಹೋಗಿದೆ. ನೀನು ಸುಸ್ತಿನ ರಕ್ತ ಸಾಗಿಸೋಕೆ ದಾರಿ ಬಿಡಿ ಅಂತೀಯಾ? ನನಗೂ ಇದೆ ಸುಸ್ತು. ತಗೋ, ನನ್ನದೂ ತಗೊಂಡ್ಹೋಗು" ಎಂದು ತೋಳು ಮುಂದೆ ಚಾಚಿದ. "ಅವಳಿಗೆ ಮಡಿ ಅಲ್ವಾ? ಊರಿಗೆಲ್ಲ ಗೊತ್ತು." ಈ ಸಲ ಎಲ್ಲರೂ ನಕ್ಕರು. ಬೆಳಗಿನಿಂದ ನಗಲು ಏನೂ ಸಿಗದೆ ಕೂತಿದ್ದ ಜನ. ಮತ್ತು ಜಿನಶ್ರೀ, ಅವಳೂ ನಕ್ಕಳು. ಬರೀ ನಗುವಲ್ಲ, "ಏನ್ ಮಾಡೋದು ಮಣೀ, ನನ್ನ ಹೊಟ್ಟೆಪಾಡು, ಮೇಡಂ ಬೈತಾರೆ. ಬಿಡು ಮಾರಾಯ" ಎಂದಳು, ಅಕ್ಕನನ್ನು ಆ ಗುಂಪಿನ ನಡುವೆ ಇಳಿಸಿಬಿಟ್ಟು, ತಾನು ಅವರ ಜೊತೆ ನಿಂತು. ಕೆಲಸವಾಯಿತು. ನಕ್ಕವರ ಮನಸ್ಸು ಮೆತ್ತಗಾಗುತ್ತದೆ. ನಾಲ್ಕು ಜನ ಸೇರಿ ಮರವನ್ನು ಓರೆ ಮಾಡಿದರು, ಜೀಪು ನುಸುಳಿತು.

ಜೀಪಿನಲ್ಲಿ ಕೂತ ಮೇಲೆ ಅವಳ ಕಿವಿ ಸುಡುತ್ತಿತ್ತು. ಷಿಬುಗೆ ಎಲ್ಲ ಕೇಳಿಸಿತ್ತು. ಪರವಾಗಿಲ್ಲ, ಪರವಾಗಿಲ್ಲ, ಸ್ಯಾಂಪಲ್ ಹೋದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುವಾಗಲೇ ಇನ್ನೊಂದು ಗೊತ್ತಿತ್ತು. ಈ ಅಧ್ಯಯನದಲ್ಲಿ ಒಬ್ಬೊಬ್ಬರ ಫಲಿತಾಂಶ ಅಂತ ಮನೆಗೆ ಬರುವುದಿಲ್ಲ. ನೂರಾರು ಜನರ ರಕ್ತ ಒಟ್ಟಿಗೆ ಸೇರಿ ಯಾವುದೋ ಒಂದು ಗೆರೆ ಮೇಲೋ ಕೆಳಗೋ ಹೋಗುತ್ತದೆ, ಅಷ್ಟೆ. ವಿಮಲ ಎಂಬವಳಿಗೆ ನಿಜಕ್ಕೂ ಕಾಯಿಲೆ ಇದೆ ಎಂದು ಮುದ್ರೆ ಒತ್ತಿದ ಕಾಗದ ಯಾರೂ ಕಳಿಸುವುದಿಲ್ಲ. ವಿಮಲ ಆ ಕಾಗದವನ್ನೇ ಕಾಯುತ್ತಿದ್ದಳು. ಅದನ್ನು ಭಾವನಿಗೆ ಕಳಿಸುವುದು, ಬತ್ತೇರಿಯ ಡಾಕ್ಟರಿಗೆ ತೋರಿಸುವುದು, ಅವ್ವನಿಗೆ ಓದಿ ಹೇಳುವುದು, ಎಲ್ಲ ಯೋಚಿಸಿ ಇಟ್ಟುಕೊಂಡಿದ್ದಳು. ಒಪ್ಪಿಗೆ ಪತ್ರಕ್ಕೆ ಅಕ್ಕನ ಸಹಿ ಹಾಕಿಸುವಾಗ ಜಿನಶ್ರೀ ಆ ಭಾಗವನ್ನು ಗಡಿಬಿಡಿಯಲ್ಲಿ ಓದಿ ಹೇಳಿದ್ದಳು. ಆದರೂ ತನಗಾದರೂ ಅಕ್ಕನ ಸ್ಯಾಂಪಲಿನ ಸಂಖ್ಯೆ ಹಿಡಿದು ನೋಡಲು ಸಿಕ್ಕೀತು ಎಂಬ ಆಸೆ ಇತ್ತು. ತನಗೊಬ್ಬಳಿಗೆ ಗೊತ್ತಾದರೆ ಸಾಕು.

ಫ್ರಿಜ್ಜಿನ ಮೇಲಿನ ಖಾನೆ ಖಾಲಿ. ಒರೆಸಿ ಇಟ್ಟಿದ್ದರು, ಹಸಿಬಟ್ಟೆಯ ಗೆರೆ ಇನ್ನೂ ಆರಿರಲಿಲ್ಲ.

"ಅವ್ವಾ! ಡಬ್ಬಿ?"

"ಹಿತ್ತಲಲ್ಲಿದೆ, ಒಗೆಯೋ ಕಲ್ಲ ಮೇಲೆ" ಎಂದಳು ಅವ್ವ, ಜಪ ನಿಲ್ಲಿಸದೆ.

"ಮುಟ್ಟಬೇಡ ಅಂದಿದ್ನಲ್ಲ!"

"ನಾನೆಲ್ಲಿ ಮುಟ್ಟಿದೆ?" ಅವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನೀ ಹೇಳ್ದಂಗೇ ಮಾಡ್ದೆ. ಇಕ್ಕಳದಲ್ಲಿ ಹಿಡಿದು ಎತ್ತಿ ಇಟ್ಟೆ. ಆಮೇಲೆ ಇಕ್ಕಳಾನೂ ಬೆಂಕಿಗೆ ಹಿಡಿದೆ. ಮುಟ್ಟಬಾರದ್ದನ್ನ ಪಾರಣೆ ಮೊಸರಿನ ತಲೆ ಮೇಲೆ ಇಡ್ತಾರೇನೇ ಯಾರಾದ್ರೂ?"

ಈ ಮನೆಯಲ್ಲಿ ಮುಟ್ಟಬೇಡ ಎಂಬ ಮಾತಿಗೆ ಒಂದೇ ಅರ್ಥ. ತಿಂಗಳ ಆ ದಿನಗಳಲ್ಲಿ ಹಿಂದಿನ ಕೋಣೆಯಲ್ಲಿ ಬೇರೆ ತಟ್ಟೆ, ಬೇರೆ ಚಾಪೆ ಹಾಕಿಕೊಂಡು ಕೂತು ಅಕ್ಕತಂಗಿಯರಿಬ್ಬರೂ ಕಲಿತ ಅರ್ಥ. ಜೋಪಾನ ಮಾಡಬೇಕಾದ್ದಕ್ಕೆ ಇಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಮೈಲಿಗೆಗೆ ಹೇಳುತ್ತಾರೆ, ಹೇಳಿದ ಮೇಲೆ ಅದನ್ನು ಹೊರಗೆ ಹಾಕುತ್ತಾರೆ. ಪ್ರಯೋಗಶಾಲೆಯ ಬಾಗಿಲ ಮೇಲೆ ಅಂಟಿಸಿದ ಮಾತನ್ನು ತಂದು ಅವ್ವನ ಅಡುಗೆಮನೆಯಲ್ಲಿ ಹೇಳಿದವಳು ಅವಳೇ. ಒಗೆಯುವ ಕಲ್ಲಿನ ಮೇಲೆ ಫಾಲ್ಗುಣದ ನೆತ್ತಿ ಬಿಸಿಲು. ಡಬ್ಬಿ ಕೈಗೆ ಬಿಸಿ ತಾಗಿತು. ಒಳಗೆ ಸೀಸೆಗಳಲ್ಲಿ ಹಳದಿ ನೀರು ಹಾಗೇ ಇತ್ತು, ನೋಡಿದರೆ ಏನೂ ಆಗಿಲ್ಲ ಅನ್ನಿಸುವಂತೆ.

ಹಿತ್ತಲಲ್ಲೇ ನಿಂತು ರೇಷ್ಮ ಮೇಡಂಗೆ ಫೋನು ಮಾಡಿದಳು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ಸಾರಮಿಲ್ಲ ಜಿನಶ್ರೀ" ಎಂದರು, ಪರವಾಗಿಲ್ಲ ಎಂದು, ಬಹಳ ಮೃದುವಾಗಿ. "ಚೆಲ್ಲಿಬಿಡು. ಎರಡನೇ ದಿನದ್ದು ಇಲ್ಲದೆ ಮೊದಲನೇದೂ ಉಪಯೋಗವಿಲ್ಲ, ಆ ಹೆಸರು ತೆಗೆದುಬಿಡೋಣ. ಬೇರೆಯವರು ಬೇಕಾದಷ್ಟು ಇದ್ದಾರಲ್ಲ." ಮತ್ತೊಮ್ಮೆ ಮಾಡಬಹುದೇ ಎಂದು ಕೇಳಿದಳು. "ಈಗ ಹೇಗಿದ್ದಾರೆ ಅವರು?" ಮಾತಾಡಲು ಆಗುತ್ತಿಲ್ಲ, ನೀರು ಲೋಟದಲ್ಲಿ ಕುಡಿಯಲಾಗುತ್ತಿಲ್ಲ, ಚಮಚದಲ್ಲಿ ಕೊಡುತ್ತಿದ್ದೇವೆ ಎಂದಳು. "ಹಾಗಾದರೆ ಇನ್ನೊಮ್ಮೆ ದಣಿಸಲು ಅನುಮತಿ ಸಿಗಲ್ಲ, ಮಗಳೇ. ಸಿಗಲೂಬಾರದು. ಎಷ್ಟೋ ಜನ ಇದರಿಂದ ಮೊದಲಿನ ಸ್ಥಿತಿಗೇ ಬರೋದಿಲ್ಲ." ಅದನ್ನು ಮೇಡಂ ಮೊದಲೂ ಹೇಳಿದ್ದರು. ಎಲ್ಲವನ್ನೂ ಎಲ್ಲರೂ ಮೊದಲೇ ಹೇಳಿರುತ್ತಾರೆ.

"ರಕ್ತಾನಾ ಅದು? ಅಯ್ಯೋ ನನ್ನ ಜಿನೇಶ್ವರಾ, ನನ್ನ ಮಗಳ ರಕ್ತಾನೇನೇ?" ಅವ್ವ ಹಿಂದೆಯೇ ಬಂದು ನಿಂತಿದ್ದಳು. "ಮೊದಲೇ ಹೇಳಬಾರ್ದಿತ್ತೇನೇ ಹಾಳಾದೋಳೇ, ನನ್ನ ಮಗಳದ್ದು ಅಂದಿದ್ರೆ ನಾನು ಮಡಿಲಲ್ಲಿ ಇಟ್ಕೊಂಡು ಕೂತಿರ್ತಿದ್ನಲ್ಲ." ಅಷ್ಟು ಹೇಳಿ ಒಗೆಯುವ ಕಲ್ಲಿನ ಪಕ್ಕ ಕುಸಿದು ಕೂತಳು. ಮಡಿಲಲ್ಲಿ ಇಟ್ಟುಕೊಂಡರೂ ಕೆಡುತ್ತಿತ್ತು ಎಂದು ಹೇಳುವ ಕ್ರೌರ್ಯ ಜಿನಶ್ರೀಗೆ ಆ ಹೊತ್ತಿಗೆ ಇರಲಿಲ್ಲ. ಸೀಸೆಗಳ ಮುಚ್ಚಳ ತೆಗೆದು ಒಂದೊಂದನ್ನೇ ಬಚ್ಚಲ ಮೋರಿಗೆ ಸುರಿದಳು. ಷಿಬುವನ್ನು ಕಳಿಸಿಬಿಟ್ಟಳು. ಅವನು ಖಾಲಿ ಪೆಟ್ಟಿಗೆಯ ಜೊತೆ, ಹಿಂದೆ ನೋಡದೆ ಜೀಪು ತಿರುಗಿಸಿಕೊಂಡು ಹೋದ.

ಕೋಣೆಯೊಳಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ವಿಮಲಳ ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ತುಟಿ ಒಣಗಿತ್ತು. ಹೊದಿಕೆಯ ಭಾರವೂ ನೋವೆಂದು ಕಾಲ ಮೇಲಿಂದ ಸರಿಸಿದ್ದರು. ಇದಕ್ಕಿಂತ ಇನ್ನೇನು ಪುರಾವೆ ಬೇಕು, ಕಣ್ಣಿಲ್ಲವೇ ನಿನಗೆ, ಎಂದು ತನ್ನನ್ನು ಬೈದುಕೊಂಡಳು. ಬೈದುಕೊಂಡರೂ ಆ ಸಂಶಯ ತನ್ನ ಜಾಗದಲ್ಲೇ ಕೂತಿತ್ತು, ಒಂದಿಷ್ಟೂ ಕದಲದೆ. ಇನ್ನು ಅದನ್ನು ಎಬ್ಬಿಸುವಂಥದ್ದು ಲೋಕದಲ್ಲಿ ಏನೂ ಉಳಿದಿರಲಿಲ್ಲ. ಈ ಮನೆಯಲ್ಲಿ, ಅಕ್ಕನ ಪಕ್ಕದಲ್ಲಿ, ಅದರ ಜೊತೆಗೇ ಅವಳು ಬದುಕಬೇಕಿತ್ತು. ಚಮಚದಲ್ಲಿ ನೀರು ಬಿಟ್ಟಳು. ಅರ್ಧ ಕೆನ್ನೆಗೆ ಹರಿಯಿತು.

"ಹೋಯ್ತಾ?" ಎಂದಳು ವಿಮಲ. ಉಸಿರಿನಷ್ಟೇ ಮಾತು.

"ಹೋಯ್ತು" ಎಂದಳು ಜಿನಶ್ರೀ.

"ಜೀಪಿನ ಸದ್ದು ಕೇಳ್ತು." ಮತ್ತೆ ಶಕ್ತಿ ಕೂಡಿಸಿಕೊಂಡಳು. "ಅವರಿಗೆಲ್ಲ ಕಾಗದ ಬೇಕು. ಬರಲಿ, ತೋರಿಸೋಣ. ಆದ್ರೆ ಒಂದು ಗೊತ್ತಾ? ನೀನಲ್ದೆ ಬೇರೆ ಯಾರಾದ್ರೂ ಬಂದಿದ್ರೆ ನಾನು ಅಷ್ಟು ಮೆಟ್ಟಿಲು ಹತ್ತುತ್ತಿರ್ಲಿಲ್ಲ. ನೀನೊಬ್ಳೇ ಕಣೇ, ಪುರಾವೆ ಇಲ್ದೆ ನನ್ನ ನಂಬ್ದೋಳು."

ಜಿನಶ್ರೀ ಹೂಂ ಎಂದಳು.